ನಿಂತ ಟಗ್‌ಗೆ ಇನ್ನೊಂದು ಟಗ್ ಜೊತೆ: ಬೆಳಗಾವಿಯ ಸಾರಿಗೆ ಮನೆತನವೊಂದರ ಪ್ರಕರಣ ಅಧ್ಯಯನ

ದಿನದ 24 ಗಂಟೆಯಲ್ಲಿ 6 ಗಂಟೆ ದುಡಿದು 18 ಗಂಟೆ ಸುಮ್ಮನೆ ನಿಲ್ಲುವ ಗಾಡಿಗಳಿದ್ದರೂ ಹೊಸದಾಗಿ ಎರಡು ಗಾಡಿ ಕೊಳ್ಳೋಣ ಎಂದು ಮಗ ಹೇಳಿದರೆ, ಬೆಳಗಾವಿಯ ಯಾವ ಲಾರಿ ಮಾಲೀಕನಾದರೂ ಮೊದಲು ಮಗನ ಹಣೆ ಮುಟ್ಟಿ ಜ್ವರ ನೋಡುತ್ತಾನೆ. ಆಟೋನಗರದ ಆ ಕಚೇರಿಯಲ್ಲಿ ಅಂದು ನಡೆದದ್ದೂ ಹೆಚ್ಚುಕಡಿಮೆ ಅದೇ. ಗಾಡಿ ಮಾತ್ರ ಲಾರಿಯಲ್ಲ, ಟಗ್: ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆದು ನೂಕುವ ಗಟ್ಟಿ ದೋಣಿ. ಮಗ ಹಟ ಬಿಡಲಿಲ್ಲ, ತಂದೆ ಒಪ್ಪಲಿಲ್ಲ, ಚಿಕ್ಕಪ್ಪ ಈ ವ್ಯವಹಾರವೇ ಬೇಡವೆಂದರು. ಮೂವರ ಜಗಳಕ್ಕೆ ಒಂದು ವರದಿ ಬೇಕಾಗಿತ್ತು. ನನ್ನನ್ನು ಕರೆದರು.

ನಾನು ಬ್ಯಾಂಕುಗಳಿಗೆ ಪ್ರಾಜೆಕ್ಟ್ ವರದಿ ಬರೆದುಕೊಟ್ಟು ಬದುಕುವವನು. ಊರು ಮುಧೋಳದ ಕಡೆ, ವಾಸ ಬೆಳಗಾವಿ. ಫೌಂಡ್ರಿಯ ಕುಲುಮೆ, ದ್ರಾಕ್ಷಿಯ ಶೈತ್ಯಾಗಾರ, ಕಬ್ಬು ಕಡಿಯುವ ಯಂತ್ರ, ಇವೆಲ್ಲ ನನ್ನ ಕೈಯಲ್ಲಿ ಹಾದುಹೋಗಿವೆ. ಟಗ್ ಎಂಬುದನ್ನು ಅದುವರೆಗೆ ನೋಡಿದ್ದು ವಾಸ್ಕೋ ಬಂದರಿನಲ್ಲಿ, ದೂರದಿಂದ, ಹೆಂಡತಿ ಮಕ್ಕಳೊಂದಿಗೆ ಕಡಲೆಕಾಯಿ ತಿನ್ನುತ್ತ. ಅದನ್ನು ಮೊದಲೇ ಹೇಳಿದೆ. ತಂದೆ, ಅಂದರೆ ಸಾಹುಕಾರರು, "ನಮಗೂ ಮೊದಲು ಗೊತ್ತಿರಲಿಲ್ಲ ಸರ್, ಅದಕ್ಕೇ ಎರಡು ಕೊಂಡೆವು" ಎಂದರು.

ಅವರ ಕಥೆ ಹೀಗೆ. ಮನೆತನದ ಮೂಲ ಉದ್ಯೋಗ ಅದಿರಿನ ಲಾರಿ. 2012ರಲ್ಲಿ ಗೋವಾದ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತವು. ಕೆಲವನ್ನು ಕಬ್ಬಿಗೆ ಹಚ್ಚಿದರು, ಕೆಲವನ್ನು ಮಾರಿದರು. ಅದೇ ಹೊತ್ತಿಗೆ ಬಾಕಿ ತೀರಿಸಲಾಗದ ಪರಿಚಯದವರೊಬ್ಬರು ದುಡ್ಡಿನ ಬದಲು ಒಂದು ಟಗ್ ಕೊಟ್ಟರು. ಅದು ಪಶ್ಚಿಮ ಕರಾವಳಿಯ ಒಂದು ಬಂದರಿನಲ್ಲಿ ದಿನಬಾಡಿಗೆಗೆ ದುಡಿಯತೊಡಗಿತು. ಬಾಡಿಗೆ ತಿಂಗಳು ತಿಂಗಳು ಬಂತು, ಡೀಸೆಲ್ ಬಂದರಿನವರದೇ, ಘಟ್ಟದಲ್ಲಿ ಟೈರ್ ಒಡೆಯುವ ಚಿಂತೆಯಿಲ್ಲ. ರುಚಿ ಹತ್ತಿ ಎರಡನೆಯದನ್ನೂ ಕೊಂಡರು. ಬಂದರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಅಂಕಿಗಳನ್ನೂ ಒಂದೇ ಪ್ರಮಾಣದಲ್ಲಿ ಬದಲಿಸಿ ಸುತ್ತುಗೊಳಿಸಿದ್ದೇನೆ. ಲೆಕ್ಕದ ಹುರುಳು ಮಾತ್ರ ಇದ್ದಂತೆಯೇ ಇದೆ.

ಬಂದರಿನಲ್ಲಿ ಒಟ್ಟು ನಾಲ್ಕು ಟಗ್: ಎರಡು ಇವರವು, ಎರಡು ಬಂದರಿನವು. ನಾಲ್ಕಕ್ಕೂ ಎಳೆತದ ಬಲ ಸುಮಾರು 45 ಟನ್. ಈ ಬಲವನ್ನು ಅಳೆಯುವ ರೀತಿ ನಮ್ಮ ಕಡೆಯವರಿಗೂ ಅರ್ಥವಾಗುವಂಥದು. ಟಗ್‌ನ ಹಗ್ಗವನ್ನು ಧಕ್ಕೆಯ, ಅಂದರೆ ಹಡಗು ನಿಲ್ಲುವ ಕಟ್ಟೆಯ ಮೇಲಿನ ಗಟ್ಟಿ ಗೂಟಕ್ಕೆ ಕಟ್ಟಿ, ನಡುವೆ ತೂಕದ ಮಾಪಕ ಇಟ್ಟು, ಎಂಜಿನ್ ಪೂರ್ತಿ ಬಿಟ್ಟು ಎಳೆಸುತ್ತಾರೆ. ಕಾರ ಹುಣ್ಣಿಮೆಯಲ್ಲಿ ಎತ್ತಿಗೆ ಕಲ್ಲು ಎಳೆಸಿದ ಹಾಗೆ. ಗೂಟಕ್ಕೆ ಇಂಗ್ಲಿಷಿನವರು ಬೊಲಾರ್ಡ್ ಎನ್ನುವುದರಿಂದ ಆ ಬಲಕ್ಕೆ ಬೊಲಾರ್ಡ್ ಪುಲ್ ಎಂದೇ ಹೆಸರು.

ದಿನಕ್ಕೆ ಸರಾಸರಿ ಆರು ಹಡಗಿನ ಕೆಲಸ. ಒಳಗೆ ತರುವುದು, ಹೊರಗೆ ಬಿಡುವುದು, ಒಂದು ಧಕ್ಕೆಯಿಂದ ಇನ್ನೊಂದಕ್ಕೆ ಸರಿಸುವುದು, ಎಲ್ಲ ಸೇರಿ. ಒಂದೊಂದಕ್ಕೆ ಸರಾಸರಿ ಎರಡು ಟಗ್, ಹೋಗಿ ಬರುವ ಹೊತ್ತು ಸೇರಿ ಎರಡು ಗಂಟೆ. ಆರು, ಎರಡು, ಎರಡು ಗುಣಿಸಿದರೆ 24. ನಾಲ್ಕು ಟಗ್‌ಗಳ ದಿನದ ಒಟ್ಟು ಗಂಟೆ 96. ಅಂದರೆ ಕಾಲು ಭಾಗ ಕೆಲಸ, ಮುಕ್ಕಾಲು ಭಾಗ ನಿಲುಗಡೆ. ಸಾಹುಕಾರರ ಬೆರಳೆಣಿಕೆ ತಪ್ಪಿರಲಿಲ್ಲ.

ಮಗನೂ ಸುಳ್ಳು ಹೇಳುತ್ತಿರಲಿಲ್ಲ. ಬಂದರಿನ ಲಾಗ್ ಪುಸ್ತಕದಲ್ಲಿ ಹಿಂದಿನ ಒಂದು ವರ್ಷದಲ್ಲಿ 120 ಹಡಗುಗಳ ಮುಂದೆ "ಟಗ್ ಲಭ್ಯವಿಲ್ಲ, ಕಾಯಿಸಲಾಗಿದೆ" ಎಂದು ಬರೆದಿತ್ತು. ಕಾಲು ಭಾಗವಷ್ಟೇ ದುಡಿಯುವ ಗಾಡಿ, ಆದರೂ ವರ್ಷಕ್ಕೆ 120 ಸಲ ಗಾಡಿ ಇಲ್ಲ. ಇದು ಹೇಗೆ?

ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಪಾಳಿ ಹಚ್ಚಿ ನಿಂತವರಿಗೆ ಇದರ ಅರ್ಧ ಉತ್ತರ ಗೊತ್ತಿರುತ್ತದೆ. ಟ್ರ್ಯಾಕ್ಟರುಗಳು ಹೊತ್ತುಗೊತ್ತಿಲ್ಲದೆ ಬರುತ್ತವೆ, ತೂಗುವ ಕಟ್ಟೆ ಒಂದೇ ಇದೆ ಎಂದುಕೊಳ್ಳಿ. ಕಟ್ಟೆ ಅರ್ಧ ಹೊತ್ತು ಮಾತ್ರ ದುಡಿಯುತ್ತಿದ್ದರೆ, ಒಂದು ಗಾಡಿ ತೂಗಲು ಹಿಡಿಯುವಷ್ಟೇ ಹೊತ್ತು ಕಾಯಬೇಕು. ಕಟ್ಟೆ ನೂರಕ್ಕೆ 80 ಹೊತ್ತು ದುಡಿದರೆ ಅದರ ನಾಲ್ಕು ಪಟ್ಟು, 90 ಆದರೆ ಒಂಬತ್ತು ಪಟ್ಟು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಕರೆಗಳ ಬಗ್ಗೆ ಬರೆದ ಪ್ರಬಂಧದಿಂದ ಹುಟ್ಟಿದ ಶಾಸ್ತ್ರ ಇದು. ಆದರೆ ಈ ಲೆಕ್ಕದ ಪ್ರಕಾರ ಕಾಲು ಭಾಗ ಮಾತ್ರ ದುಡಿಯುವ ಕಡೆ ಹೆಚ್ಚು ಕಾಯುವಿಕೆ ಇರಬಾರದು. ಹಾಗಾಗಿ ಸೂತ್ರವನ್ನು ಬದಿಗಿಟ್ಟು ಚೋರ್ಲಾ ಘಟ್ಟ ಇಳಿದು ಬಂದರಿಗೇ ಹೋದೆ.

ನಿಯಂತ್ರಣ ಕೊಠಡಿಯಲ್ಲಿ ಎರಡು ದಿನ ಕೂತ ಮೇಲೆ ತಿಳಿದದ್ದು ಇಷ್ಟು. ಕಲ್ಲಿದ್ದಲು ತುಂಬಿದ ದೊಡ್ಡ ಹಡಗು ತನ್ನಿಷ್ಟದ ಹೊತ್ತಿಗೆ ಒಳಗೆ ಬರಲಾಗದು. ಕಾಲುವೆಯಲ್ಲಿ ನೀರು ಸಾಕಷ್ಟು ಏರಿರಬೇಕು. ಉಬ್ಬರದ ಆಸುಪಾಸಿನ ಸುಮಾರು ಮೂರು ಗಂಟೆ ಮಾತ್ರ ಬಾಗಿಲು ತೆರೆದಿರುತ್ತದೆ. ಅದು ತಪ್ಪಿದರೆ ಮುಂದಿನ ಉಬ್ಬರಕ್ಕೆ ಹನ್ನೆರಡೂವರೆ ಗಂಟೆ ಕಾಯಬೇಕು. ಪನಾಮ್ಯಾಕ್ಸ್ ಎಂಬ ಗಾತ್ರದ, 75,000 ಟನ್ ಸರಕಿನ ಹಡಗು ತನ್ನ ತೂಕವೂ ಸೇರಿ 88,000 ಟನ್ ನೀರು ಸರಿಸುತ್ತದೆ ಎನ್ನೋಣ. ಬಂದರಿನವರಲ್ಲಿ ಒಂದು ಒರಟು ಲೆಕ್ಕವಿದೆ: ಹಡಗು ಸರಿಸುವ ನೀರಿನ ತೂಕದ ಪ್ರತಿ ಲಕ್ಷ ಟನ್ನಿಗೆ 60 ಟನ್ ಎಳೆತ, ಅದರ ಮೇಲೆ 40 ಕೂಡಿಸು. ನಮ್ಮ ಹಡಗಿಗೆ 53 ಮತ್ತು 40, ಒಟ್ಟು 93. ಎರಡು ಟಗ್ ಸೇರಿದರೆ 90. ಮೂರು ಟನ್ ಕಡಿಮೆ.

ಈ ಮೂರು ಟನ್ನಿನ ಕೊರತೆಯೇ ಬಂದರನ್ನು ಹಿಡಿದು ಕಟ್ಟಿತ್ತು. ಎರಡು ಸಾಲದು, ಮೂರು ಬೇಕು. ಒಂದು ಹಡಗಿಗೆ ಮೂರು ಟಗ್ ಹೋದರೆ ಉಳಿಯುವ ನಾಲ್ಕನೆಯದು ಒಂಟಿ ಎತ್ತು. ಅದೊಂದರಿಂದ ಎರಡನೆಯ ದೊಡ್ಡ ಹಡಗನ್ನು ಮುಟ್ಟಲೂ ಆಗದು. ಹೋದ ಮೂರು ತಿರುಗಿ ಬರುವ ಹೊತ್ತಿಗೆ ಎರಡು ಗಂಟೆ ಸರಿದು, ಬಾಗಿಲು ಮುಚ್ಚಲು ಒಂದು ಗಂಟೆ ಉಳಿದಿರುತ್ತದೆ. ಹಡಗನ್ನು ಬಂದರಿನೊಳಗೆ ನಡೆಸಿ ತರುವ ಪೈಲಟ್ ಒಪ್ಪುವುದಿಲ್ಲ. ನಾಲ್ಕು ಟಗ್ ಇಟ್ಟುಕೊಂಡು ಒಂದು ಉಬ್ಬರಕ್ಕೆ ಒಂದೇ ದೊಡ್ಡ ಹಡಗು. ಉಳಿದ ಹೊತ್ತೆಲ್ಲ ನಾಲ್ಕೂ ಧಕ್ಕೆಗೆ ಒರಗಿ ನಿದ್ದೆ.

ಗಾಳಿಯ ಮಾತು ಬೇರೆಯೇ. ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ಹಿಡಿದು, ಅದನ್ನು ಅದರಿಂದಲೇ ಗುಣಿಸಿ 18ರಿಂದ ಭಾಗಿಸಿದರೆ, ಹಡಗಿನ ಬದಿಯ ಪ್ರತಿ 1,000 ಚದರ ಮೀಟರಿಗೆ ಬೀಳುವ ಒತ್ತಡ ಟನ್ನುಗಳಲ್ಲಿ ಸಿಗುತ್ತದೆ. ಪೆಟ್ಟಿಗೆಗಳನ್ನು ಪೇರಿಸಿದ ಕಂಟೈನರ್ ಹಡಗಿನ ಬದಿ 8,000 ಚದರ ಮೀಟರ್ ಇದ್ದರೆ, 12 ಮೀಟರ್ ವೇಗದ ಗಾಳಿಗೆ 64 ಟನ್, 15 ಮೀಟರಿಗೆ 100 ಟನ್. ಗಾಳಿ ಕಾಲು ಭಾಗ ಹೆಚ್ಚಿದರೆ ಒತ್ತಡ ಒಂದೂವರೆ ಪಟ್ಟು. ಬೆಳಗಾವಿಯಲ್ಲಿ ಆ ಗಾಳಿಗೆ ಒಣಹಾಕಿದ ಬಟ್ಟೆ ಹಾರುತ್ತದೆ, ಅಷ್ಟೇ. ಅಲ್ಲಿ ಎರಡು ಟಗ್ ಸಾಕಾಗಿದ್ದ ಹಡಗಿಗೆ ಮೂರನೆಯದನ್ನು ಕೂಗಬೇಕಾಗುತ್ತದೆ.

ಎರಡನೆಯ ದಿನ ಸಂಜೆ ಹಿರಿಯ ಟಗ್ ಹತ್ತಿದೆ. ಅದನ್ನು ನಡೆಸುವ ಮಾಸ್ಟರ್ ಕಾರವಾರದ ಕಡೆಯವರು. ಎಲ್ಲರೂ ಅವರನ್ನು ತಾಂಡೇಲ ಎಂದೇ ಕರೆಯುತ್ತಾರೆ. ಬದಿಗೆ ಸಾಲಾಗಿ ಕಟ್ಟಿದ್ದ ಟೈರುಗಳನ್ನು ಸಾಹುಕಾರರು ಬಗ್ಗಿ ಬಗ್ಗಿ ನೋಡಿ, "ಇವು ನಮ್ಮ ಅದಿರಿನ ಲಾರಿಯವೇ" ಎಂದರು. ನಿಜವೇ. 2012ರಲ್ಲಿ ನಿಂತುಹೋದ ಲಾರಿಗಳ ಸವೆದ ಟೈರುಗಳು ಹಡಗಿಗೂ ಟಗ್‌ಗೂ ನಡುವೆ ಮೆತ್ತೆಯಾಗಿ ಇನ್ನೂ ದುಡಿಯುತ್ತಿದ್ದವು.

ತಾಂಡೇಲರು ನನ್ನನ್ನು ನಡುವಿನ ಕೊಕ್ಕೆಯ ಹತ್ತಿರ ನಿಲ್ಲಿಸಿದರು. ತೊಡೆಗಾತ್ರದ ಕಬ್ಬಿಣ, ಗ್ರೀಸಿನ ವಾಸನೆ, ಪಕ್ಕದಲ್ಲಿ ಕೆಂಪು ಬಣ್ಣ ಬಳಿದ ಸನ್ನೆ. "ಹಗ್ಗ ಹಿಂದಕ್ಕಿದ್ದರೆ ನಾವು ಹಡಗನ್ನು ಎಳೆಯುತ್ತೇವೆ. ಹಡಗು ಮುಂದೆ ನುಗ್ಗಿ ಹಗ್ಗ ಅಡ್ಡಕ್ಕೆ ಬಿದ್ದರೆ ಹಡಗು ನಮ್ಮನ್ನು ಎಳೆಯುತ್ತದೆ. ಆಗ ಈ ಸನ್ನೆ ಒತ್ತಬೇಕು. ಯೋಚಿಸಲು ಹೊತ್ತಿರುವುದಿಲ್ಲ, ದೋಣಿ ಮಗುಚುತ್ತದೆ" ಎಂದರು. ಎಳೆಯುವ ಕೊಕ್ಕೆ ದೋಣಿಯ ನಡುಮಧ್ಯದಲ್ಲಿ, ದೂಡುವ ಪಂಖ ಹಿಂದೆ, ಹಳೆಯ ವಿನ್ಯಾಸದ ಟಗ್‌ಗಳಿಗೆಲ್ಲ ಇದೇ ಗಂಡಾಂತರ. ಮನೆತನದ ಎರಡನೆಯ ಟಗ್ ಹೊಸ ರೀತಿಯದು. ಹಿಂಬದಿಯ ಕೆಳಗೆ ಸುತ್ತಲೂ ತಿರುಗಬಲ್ಲ ಎರಡು ಪಂಖ, ಹಗ್ಗ ಮೂತಿಯಿಂದ. ಎಂಟೂ ದಿಕ್ಕಿಗೆ ಎಳೆಯಬಲ್ಲದು, ನೂಕಬಲ್ಲದು. ಲೆಕ್ಕದ ಹಾಳೆಯಲ್ಲಿ ಇವೆರಡನ್ನೂ ನಾನು 45 ಟನ್ ಎಂದು ಒಂದೇ ಸಾಲಿನಲ್ಲಿ ಬರೆದಿದ್ದೆ. ತಾಂಡೇಲರು ಹಾಳೆ ನೋಡಿ ನಕ್ಕರು. ಹಿರಿಯ ಟಗ್‌ಗೆ ಧಕ್ಕೆಯ ಹತ್ತಿರ ನೂಕುವ ಕೆಲಸ ಕೊಟ್ಟರೆ 45, ಓಡುವ ಹಡಗಿನ ಹಿಂದೆ ಕಟ್ಟಿದರೆ ಅದು 45 ಅಲ್ಲ ಎಂದರು. ಒರಟು ಲೆಕ್ಕ ವರದಿ ಬರೆಯುವವನಿಗೆ. ಎಷ್ಟು ಟಗ್ ಬೇಕೆಂದು ಕೊನೆಗೆ ಹೇಳುವವನು ಪೈಲಟ್.

ಬೆಳಗಾವಿಗೆ ಬಂದು ಆ 120 ಸಾಲುಗಳನ್ನು ಒಂದೊಂದಾಗಿ ಬಿಡಿಸಿದೆ. ಅದೇ ತಾರೀಖಿನ ಪೈಲಟ್ ಪುಸ್ತಕ, ಟಗ್‌ಗಳ ದುರಸ್ತಿ ಪುಸ್ತಕ, ಉಬ್ಬರದ ಕೋಷ್ಟಕ ಮೂರನ್ನೂ ಪಕ್ಕದಲ್ಲಿಟ್ಟುಕೊಂಡೆ. ಮೊದಲ 30 ಟಗ್‌ನ ತಪ್ಪೇ ಆಗಿರಲಿಲ್ಲ. ಆ ಹೊತ್ತಿಗೆ ಟಗ್‌ಗಳು ಖಾಲಿ ಇದ್ದವು, ಪೈಲಟ್ ಇನ್ನೊಂದು ಹಡಗಿನಲ್ಲಿದ್ದ. ರಾತ್ರಿ ಪಾಳಿಯ ಗುಮಾಸ್ತ ಅಭ್ಯಾಸಬಲದಿಂದ "ಟಗ್ ಲಭ್ಯವಿಲ್ಲ" ಎಂದು ಬರೆದಿದ್ದ. ಈ 30ಕ್ಕೆ ಹತ್ತು ಟಗ್ ಕೊಂಡರೂ ಪ್ರಯೋಜನವಿಲ್ಲ. ಕಬ್ಬು ಇಳಿಸುವ ಯಂತ್ರ ಕೆಟ್ಟಾಗ ಟ್ರ್ಯಾಕ್ಟರ್ ಹೆಚ್ಚಿಸಿದಂತೆ ಆದೀತು.

ಇನ್ನು 38ರಲ್ಲಿ ನಾಲ್ಕೂ ಟಗ್ ಗಟ್ಟಿಯಾಗಿದ್ದವು, ಆದರೂ ಸಾಲಲಿಲ್ಲ. ಒಂದೇ ಉಬ್ಬರಕ್ಕೆ ಎರಡು ದೊಡ್ಡ ಹಡಗು, ಇಲ್ಲವೇ ಗಾಳಿ. ಮಗನ ವಾದಕ್ಕೆ ನಿಜವಾದ ಆಧಾರ ಇದೇ ಗುಂಪು.

ಉಳಿದ 52ರಲ್ಲಿ ಒಂದಲ್ಲ ಒಂದು ಟಗ್ ದುರಸ್ತಿಯಲ್ಲಿತ್ತು. ಬಂದರಿನದು 14 ಸಲ, ಮನೆತನದ್ದು 38 ಸಲ. ಈ 38 ನನ್ನನ್ನು ಕಾಡಿತು. ಎರಡು ಟಗ್ ಇಷ್ಟೊಂದು ಸಲ ಕೆಡುವುದಿಲ್ಲ. ದುರಸ್ತಿ ಪುಸ್ತಕದಲ್ಲಿಯೂ ದೊಡ್ಡ ಕೆಡುಕು ಕಡಿಮೆ, ಎಣ್ಣೆ ಬದಲಾವಣೆ, ಫಿಲ್ಟರ್, ಹಗ್ಗದ ತಪಾಸಣೆಯಂಥ ಸಣ್ಣ ಕೆಲಸಗಳೇ ಹೆಚ್ಚು. ತಾರೀಖುಗಳಲ್ಲಿ ಏನಾದರೂ ಕ್ರಮ ಇದೆಯೇ ನೋಡೋಣವೆಂದು ಕಚೇರಿಯ ಗೋಡೆಯ ಮೇಲಿದ್ದ ಹೋದ ವರ್ಷದ ಕ್ಯಾಲೆಂಡರ್ ಇಳಿಸಿ, ಒಂದೊಂದು ತಾರೀಖಿಗೂ ಕೆಂಪು ಪೆನ್ನಿನಿಂದ ಚುಕ್ಕಿ ಇಡುತ್ತ ಹೋದೆ. ಸಹಕಾರಿ ಸಂಘದವರು ಪುಕ್ಕಟೆ ಕೊಡುವ, ತಿಥಿ ನಕ್ಷತ್ರವೆಲ್ಲ ಇರುವ ಕ್ಯಾಲೆಂಡರ್ ಅದು. ಏಪ್ರಿಲ್ ಮುಗಿಯುವ ಹೊತ್ತಿಗೆ ನನ್ನ ಕೈ ತಾನಾಗಿ ನಿಂತಿತು. ಕೆಂಪು ಚುಕ್ಕಿಗಳು ಅಮಾವಾಸ್ಯೆಯ ಕಪ್ಪು ದುಂಡಿನ ಸುತ್ತಲೇ ಗುಂಪುಗೂಡಿದ್ದವು. ಪೂರ್ತಿ ವರ್ಷ ತುಂಬಿದಾಗ 38ರಲ್ಲಿ 22 ಅಮಾವಾಸ್ಯೆ ಅಥವಾ ಅದರ ಮರುದಿನ, ಅದರಾಚೆಯ ದಿನ.

ಓದುಗರಲ್ಲಿ ಲಾರಿ ಇಟ್ಟವರಿದ್ದರೆ ಈಗಾಗಲೇ ನಗುತ್ತಿರಬೇಕು. ನಮ್ಮ ಕಡೆ ಅಮಾವಾಸ್ಯೆ ಗಾಡಿಯ ಪೂಜೆಯ ದಿನ. ತೊಳೆದು, ಹಾರ ಹಾಕಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಮುಂದೆ ಓಡಿಸುವುದು. ಗಾಡಿ ಹೇಗೂ ನಿಂತಿರುತ್ತದೆಂದು ಎಣ್ಣೆ ಬದಲಿಸುವುದು, ಗ್ರೀಸ್ ಹೊಡೆಯುವುದು ಅಂದೇ. ಮೂವತ್ತು ವರ್ಷದಿಂದ ಆಟೋನಗರದಲ್ಲಿ ನಡೆದುಬಂದ ಪದ್ಧತಿ ಟಗ್‌ಗಳ ಜೊತೆ ಘಟ್ಟ ಇಳಿದಿತ್ತು. ಬಂದರಿನ ಒಪ್ಪಂದದಲ್ಲಿ ತಿಂಗಳಿಗೆ ಒಂದು ದಿನ ದುರಸ್ತಿಗೆ ಬಿಡುವು ಇದೆ, ದಿನ ಯಾವುದೆಂದು ಆರಿಸುವ ಹಕ್ಕು ಟಗ್ ಮಾಲೀಕರದು. ಇವರು ಒಂದು ಟಗ್‌ಗೆ ಅಮಾವಾಸ್ಯೆ, ಇನ್ನೊಂದಕ್ಕೆ ಮರುದಿನ ಎಂದು ಗೊತ್ತು ಮಾಡಿದ್ದರು.

ಕಡಲಿನ ಲೆಕ್ಕ ಇದಕ್ಕೆ ಪೂರ್ತಿ ತಿರುವುಮುರುವು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಗೆ ಬಂದು ಉಬ್ಬರ ಅತಿ ಎತ್ತರಕ್ಕೇರುತ್ತದೆ. ಅದರ ಪರಿಣಾಮ ಒಂದೆರಡು ದಿನ ತಡವಾಗಿ ಕಾಣುವುದೂ ಉಂಟು. ಹೆಚ್ಚು ಆಳ ಬೇಕಾದ ಹಡಗುಗಳೆಲ್ಲ ಹೊಂಚಿ ಕೂತಿರುವುದು ಆ ದಿನಗಳಿಗೇ. ಬಂದರಿಗೆ ತಿಂಗಳಲ್ಲಿ ಅತಿ ಹೆಚ್ಚು ಟಗ್ ಬೇಕಾದ ದಿನ ನೋಡಿ ಇವರು ಟಗ್ ಬಿಚ್ಚಿ ಹರವುತ್ತಿದ್ದರು. ಬಂದರಿನ ಕಚೇರಿಗೆ ಇದು ಕಂಡಿರಲಿಲ್ಲ, ಏಕೆಂದರೆ ಅವರ ಪುಸ್ತಕದಲ್ಲಿರುವುದು ಇಂಗ್ಲಿಷ್ ತಾರೀಖು. ಅಮಾವಾಸ್ಯೆ ಪ್ರತಿ ತಿಂಗಳು ಬೇರೆ ತಾರೀಖಿಗೆ ಬರುತ್ತದೆ. ಡ್ರೈ ಡಾಕ್ ವಿಷಯದಲ್ಲೂ ಇದೇ ಲಾರಿ ಬುದ್ಧಿ. ಐದು ವರ್ಷದಲ್ಲಿ ಎರಡು ಸಲ, ನಡುವೆ 36 ತಿಂಗಳು ಮೀರದಂತೆ ಟಗ್ ಅನ್ನು ನೀರಿನಿಂದ ಮೇಲೆತ್ತಿ ತಳ ನೋಡಿಸಲೇಬೇಕು. ಇವರು ಅದನ್ನು ಮಳೆಗಾಲಕ್ಕೇ ಇಟ್ಟುಕೊಳ್ಳುತ್ತಿದ್ದರು, ಲಾರಿಯ ದೊಡ್ಡ ರಿಪೇರಿ ಮಳೆಗಾಲದಲ್ಲಿ ತಾನೆ! ಅಲೆ, ಗಾಳಿ ಎರಡೂ ಜೋರಾಗಿ ಬಂದರಿಗೆ ಹೆಚ್ಚು ಬಲ ಬೇಕಾಗುವುದು ಆಗಲೇ.

ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿದಾಗ ಸಾಹುಕಾರರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪೂಜೆ ಬಿಡು ಎನ್ನುತ್ತೀರೇನು?" ಎಂದರು.

"ಪೂಜೆ ಅಮಾವಾಸ್ಯೆಗೇ ಇರಲಿ, ಸಾಹುಕಾರರೇ. ಕಾಲು ಗಂಟೆಯ ಕೆಲಸ. ಎಣ್ಣೆ ಬದಲಾವಣೆ ಮಾತ್ರ ಅಷ್ಟಮಿ ಕಳೆದ ಮೇಲೆ, ನವಮಿ ದಶಮಿಗೆ ಇಟ್ಟುಕೊಳ್ಳಿ. ಆಗ ಉಬ್ಬರ ಸಪ್ಪೆ, ದೊಡ್ಡ ಹಡಗು ಕಡಿಮೆ."

"ಇಷ್ಟಕ್ಕೆ ಖರ್ಚೆಷ್ಟು?"

"ಏನೂ ಇಲ್ಲ."

ಮಗನ ಮುಖ ಸಣ್ಣದಾಯಿತು. ಖರ್ಚಿಲ್ಲದ ಉಪಾಯ ಸಿಕ್ಕಿದ ಕೂಡಲೇ ತಂದೆಗೆ ಹೊಸ ಟಗ್‌ನ ಮಾತು ಮುಗಿದಂತೆ ಕಂಡಿತು. ನನ್ನ ಕೆಲಸ ನಿಜವಾಗಿ ತೊಡಕಾದದ್ದು ಅಲ್ಲಿಂದ. 22 ಹೋದರೂ ನಾಲ್ಕೂ ಟಗ್ ನೆಟ್ಟಗಿದ್ದಾಗಿನ ಆ 38 ಹಾಗೆಯೇ ಉಳಿಯುತ್ತದೆ. ಹಿರಿಯ ಟಗ್‌ಗೆ ಆಗಲೇ 24 ವರ್ಷ. ಹೊಸ ಟೆಂಡರುಗಳಲ್ಲಿ ಟಗ್‌ನ ವಯಸ್ಸಿಗೆ ಮಿತಿ ಹಾಕುವುದು ಸಾಮಾನ್ಯ. ಈಗಿನ ಒಪ್ಪಂದ ಮುಗಿದ ದಿನ ಅದು ಗುಜರಿಯೇ.

ಮಗನ ಮೂಲ ಪ್ರಸ್ತಾವ: ಹಳೆಯ ಎರಡನ್ನೂ ಮಾರಿ 60 ಟನ್ನಿನ ಹೊಸ ಎರಡು. ಲೆಕ್ಕ ಸೊಗಸಾಗಿತ್ತು. 60 ಮತ್ತು 45 ಸೇರಿದರೆ 105, ಪನಾಮ್ಯಾಕ್ಸ್‌ಗೆ ಬೇಕಾದ 93ಕ್ಕೆ ಎರಡೇ ಟಗ್ ಸಾಕು. ಅಂಥ ಎರಡು ಜೋಡಿಯಿದ್ದರೆ ಒಂದೇ ಉಬ್ಬರಕ್ಕೆ ಎರಡು ಹಡಗು. ಟಗ್‌ಗಳ ಸಂಖ್ಯೆ ನಾಲ್ಕೇ, ಕೆಲಸ ಇಮ್ಮಡಿ. ಬಾಲ್ಟಿಮೋರ್‌ನ ವಿಡಿಯೊವನ್ನೂ ಅವನು ತೋರಿಸಿದ. 2024ರ ಮಾರ್ಚ್ 26ರಂದು ಡಾಲಿ ಎಂಬ ಕಂಟೈನರ್ ಹಡಗನ್ನು ಧಕ್ಕೆಯಿಂದ ಬಿಡಿಸಿದ ಎರಡು ಟಗ್‌ಗಳು ಕಾಲುವೆಯಲ್ಲಿ ಅದನ್ನು ಬಿಟ್ಟು ತಿರುಗಿದ್ದವು. ಮುಂದೆ ಹಡಗಿನ ವಿದ್ಯುತ್ ಹೋಗಿ ಸೇತುವೆಗೆ ಬಡಿಯಿತು, ಆರು ಕೆಲಸಗಾರರು ಸತ್ತರು. ಟಗ್‌ಗಳು ಹಡಗಿನೊಂದಿಗೆ ಇನ್ನಷ್ಟು ದೂರ ಹೋಗಬೇಕೆಂದು ನಾಳೆ ಯಾವ ಬಂದರಾದರೂ ಹೇಳಿದರೆ ಎರಡು ಗಂಟೆಯ ಕೆಲಸ ಮೂರು ಗಂಟೆಯಾಗುತ್ತದೆ ಎಂಬುದು ಅವನ ಮಾತು. ತಳ್ಳಿಹಾಕುವಂತಿರಲಿಲ್ಲ.

ಚಿಕ್ಕಪ್ಪನವರು ಅದುವರೆಗೆ ಸುಮ್ಮನಿದ್ದರು. "ವಿಡಿಯೊ ನನ್ನ ಹತ್ತಿರವೂ ಇದೆ" ಎಂದು 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಸುದ್ದಿ ತೆಗೆದರು. ಮೂಲ್ಕಿಯ ಹತ್ತಿರ ಬಂಡೆಗೆ ಸಿಕ್ಕಿಕೊಂಡ ಟಗ್‌ನಿಂದ ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆ ಒಂಬತ್ತು ಜನರನ್ನು ಪಾರುಮಾಡಿದ ದೃಶ್ಯ. "ಲಾರಿ ಪಲ್ಟಿಯಾದರೆ ಡ್ರೈವರನನ್ನು ನಾನೇ ಹೋಗಿ ಎತ್ತಿಕೊಂಡು ಬರುತ್ತೇನೆ. ಅಲ್ಲಿ ಏನು ಮಾಡಲಿ?" ಹುಡುಗ, "ಕಾಕಾ, ನಮ್ಮವು ಬಂದರಿನ ಒಳಗಿನ ಟಗ್" ಎಂದನಾದರೂ ಧ್ವನಿಯಲ್ಲಿ ಜೋರಿರಲಿಲ್ಲ.

ದುಡ್ಡಿನ ಕಡೆ ಬರೋಣ. ಹೊಸ ಟಗ್‌ನ ಬೆಲೆ 100 ಎಂದಿಟ್ಟುಕೊಳ್ಳಿ. ನೂರಕ್ಕೆ 10ರ ಬಡ್ಡಿಗೆ ಹತ್ತು ವರ್ಷದಲ್ಲಿ ತೀರಿಸಿದರೆ ವರ್ಷದ ಕಂತು 16.3. ಏಳು ವರ್ಷದಲ್ಲಾದರೆ 20.5. ಬಂದರು ಕೊಡುವ ಒಪ್ಪಂದ ಏಳು ವರ್ಷದ್ದು. ಒಪ್ಪಂದದ ಅವಧಿಯೊಳಗೆ ಸಾಲ ತೀರಬೇಕೆಂದು ಬ್ಯಾಂಕಿನ ಪಟ್ಟು. ಅಂದರೆ ಸಿಬ್ಬಂದಿ, ವಿಮೆ, ಡಾಕ್ ಖರ್ಚು ಕಳೆದ ಮೇಲೆ ದಿನಬಾಡಿಗೆಯಿಂದ ವರ್ಷಕ್ಕೆ 20.5 ಉಳಿಯಬೇಕು. ಎರಡು ಕೊಂಡರೆ 41, ಮತ್ತು ಎರಡನೆಯದಕ್ಕೆ ಬಾಡಿಗೆ ಹೆಚ್ಚಿಸುವುದಾಗಿ ಬಂದರು ಬರೆದುಕೊಟ್ಟಿರಲಿಲ್ಲ.

ಇದರಲ್ಲೇ ಇಡೀ ಪ್ರಕರಣದ ಗಂಟು ಇದೆ ಎಂದು ನನಗನ್ನಿಸುತ್ತದೆ. ಹಡಗು ಕಾದರೆ ನಷ್ಟ ಯಾರದು? ಹಡಗು ಕಾದ ಹೊತ್ತಿಗೆ ತೆರುವ ಹಣ, ಅಂದರೆ ಡೆಮರೇಜ್, ಕಟ್ಟುವವರು ಕಲ್ಲಿದ್ದಲು ತರಿಸುವವರು. ಹೆಸರು ಕೆಡುವುದು ಬಂದರಿನದು. ಟಗ್ ಮಾಲೀಕನಿಗೆ ಹಡಗು ಕಾದರೂ ಬಾಡಿಗೆ ಬರುತ್ತದೆ, ಕಾಯದಿದ್ದರೂ ಬರುತ್ತದೆ. ಅವನ ಬಾಡಿಗೆ ಕಡಿತವಾಗುವುದು ಟಗ್ ಬಿಡುವಿನ ದಿನಕ್ಕಿಂತ ಹೆಚ್ಚು ನಿಂತಾಗ ಮಾತ್ರ. ಆ 38 ಕಾಯುವಿಕೆ ತಪ್ಪಿಸುವ ಟಗ್‌ನ ಖರ್ಚನ್ನು ಆಟೋನಗರ ಏಕೆ ಹೊರಬೇಕು? ಹೊರಲಿ, ಆದರೆ ಬಂದರು ಹೊಸ ದರಕ್ಕೆ ಸಹಿ ಹಾಕಿದ ಮೇಲೆ.

ಇನ್ನೊಂದು ಲೆಕ್ಕವೂ ಮಗನಿಗೆ ಹಿಡಿಸಲಿಲ್ಲ. ಕೇಂದ್ರ ಸರ್ಕಾರ 2024ರಲ್ಲಿ ಹಸಿರು ಟಗ್ ಪರಿವರ್ತನಾ ಯೋಜನೆ ತಂದಿದೆ. ಹಸಿರು ಟಗ್ ಎಂದರೆ ಬ್ಯಾಟರಿಯಂಥ ಕಡಿಮೆ ಹೊಗೆಯ ಶಕ್ತಿಯಿಂದ ಓಡುವುದು. ಮೊದಲ ಹಂತ 2027ರ ಕೊನೆಯವರೆಗೆ. ಜವಾಹರಲಾಲ್ ನೆಹರು, ದೀನದಯಾಳ್, ಪಾರಾದೀಪ್, ತೂತ್ತುಕುಡಿಯ ವಿ.ಓ. ಚಿದಂಬರನಾರ್ ಬಂದರುಗಳು ತಲಾ ಕನಿಷ್ಠ ಎರಡು ಹಸಿರು ಟಗ್ ಪಡೆಯಬೇಕು. 2040ರ ಹೊತ್ತಿಗೆ ಪ್ರಮುಖ ಬಂದರುಗಳ ಎಲ್ಲ ಟಗ್ ಹಸಿರಾಗಬೇಕೆಂಬುದು ಗುರಿ. ಟಗ್ ಚೆನ್ನಾಗಿ ನೋಡಿಕೊಂಡರೆ 25 ವರ್ಷ ಬಾಳುತ್ತದೆ. ಈಗ ಕೊಂಡ ಡೀಸೆಲ್ ಟಗ್‌ಗೆ 2040ರಲ್ಲಿ ಹದಿನೈದೂ ತುಂಬಿರುವುದಿಲ್ಲ. ಸಾಲ ತೀರಿ ಲಾಭ ಶುರುವಾಗುವ ವಯಸ್ಸಿನಲ್ಲಿ ದೊಡ್ಡ ಬಂದರುಗಳ ಬಾಗಿಲು ಅದಕ್ಕೆ ಮುಚ್ಚಬಹುದು. ಬ್ಯಾಟರಿ ಟಗ್ ಎಂದರೆ ಸಾಹುಕಾರರು ಮೂಗು ಮುರಿದರು, ಚಾರ್ಜ್ ಮಾಡುತ್ತ ನಿಂತರೆ ದುಡಿಯುವುದು ಯಾವಾಗ ಎಂದು. ದಿನಕ್ಕೆ 18 ಗಂಟೆ ನಿಲ್ಲುತ್ತದೆಂದು ಬೈಯುತ್ತಿದ್ದವರೂ ಅವರೇ! ಎರಡು ಉಬ್ಬರಗಳ ನಡುವೆ ಸುಮ್ಮನೆ ನಿಲ್ಲುವ ಗಾಡಿಗಿಂತ ಬ್ಯಾಟರಿಗೆ ಹೇಳಿ ಮಾಡಿಸಿದ ಗಾಡಿ ಬೇರೆ ಇಲ್ಲ. ಈ ಮಾತನ್ನು ಅವರು ಒಪ್ಪಲಿಲ್ಲ, ಮರೆತೂ ಇಲ್ಲ.

ನಾನು ಬರೆದುಕೊಟ್ಟ ಸಲಹೆ ಮೂವರಿಗೂ ಪೂರ್ತಿ ಹಿಡಿಸದಂಥದು. 60 ಟನ್ನಿನ ಹೊಸ ಟಗ್ ಒಂದೇ ಕೊಳ್ಳಿ. ಹಳೆಯ ಎರಡನ್ನೂ ಇಟ್ಟುಕೊಳ್ಳಿ. ಆಗ ಬಂದರಿನವೂ ಸೇರಿ ಐದು. ಒಂದೇ ಉಬ್ಬರಕ್ಕೆ ಎರಡು ಪನಾಮ್ಯಾಕ್ಸ್ ಬಂದರೆ ಒಂದಕ್ಕೆ 60 ಮತ್ತು 45, ಇನ್ನೊಂದಕ್ಕೆ 45ರ ಮೂರು. ಆ ಮೂರರಲ್ಲಿ ಹಿರಿಯ ಟಗ್‌ಗೆ ತಾಂಡೇಲರು ಹೇಳಿದಂತೆ ಧಕ್ಕೆಯಲ್ಲಿ ನೂಕುವ ಕೆಲಸ ಮಾತ್ರ. ಅದಕ್ಕೆ ದಿನಬಾಡಿಗೆ ಕೇಳಬೇಡಿ, ಕರೆದಾಗ ಬರುವ ದರ ಗೊತ್ತು ಮಾಡಿಕೊಳ್ಳಿ. ಉಳಿದ ಹೊತ್ತು ಅದು ನಿಮ್ಮದೇ ಬೇರೆ ಟಗ್‌ಗಳು ಡಾಕ್‌ಗೆ ಹೋದಾಗ ಜಾಗ ತುಂಬುವ ಬದಲಿ. ಎರಡನೆಯ ಹೊಸ ಟಗ್‌ನ ಮಾತು ಮೊದಲನೆಯದು ಎರಡು ಮಳೆಗಾಲ ಕಂಡ ಮೇಲೆ. ಟಗ್ ಕಟ್ಟಿಸಲು ದೂರ ಹೋಗಬೇಕಿಲ್ಲವೆಂದೂ ಬರೆದೆ. ಮಲ್ಪೆಯ ಯಾರ್ಡ್ 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್‌ನ ಕೈಗೆ ಬಂದ ಮೇಲೆ 62 ಟನ್ ಎಳೆತದ ಟಗ್‌ಗಳನ್ನು ಕಟ್ಟಿಕೊಟ್ಟಿದೆ.

ವರದಿಯಲ್ಲಿ ನಾನು ಎಡವಿದ್ದು ಸಿಬ್ಬಂದಿಯ ಸಾಲಿನಲ್ಲಿ. ಲಾರಿಗೆ ಡ್ರೈವರ್ ಸಿಕ್ಕಂತೆ ಟಗ್‌ಗೆ ಮಾಸ್ಟರ್ ಸಿಗುತ್ತಾನೆ ಎಂದುಕೊಂಡು ಒಂದೇ ತಂಡದ ಸಂಬಳ ಬರೆದಿದ್ದೆ. 24 ಗಂಟೆ ಸಿದ್ಧವಿರಬೇಕಾದ ಟಗ್‌ಗೆ ಪಾಳಿ ಬದಲಿಸುವವರು ಬೇಕು, ರಜೆಗೆ ಹೋದವರ ಜಾಗಕ್ಕೆ ಬೇಕು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ತಾಂಡೇಲರ ಕೈ ಪಳಗಿರುವುದು ಹಳೆಯ ಚಕ್ರ ಮತ್ತು ಗೇರಿಗೆ. ಎರಡು ಹಿಡಿಗಳನ್ನು ಎರಡು ಕೈಯಲ್ಲಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಓಡಿಸುವ ಹೊಸ ಟಗ್ ಬೇರೆಯದೇ ವಿದ್ಯೆ. ತರಬೇತಿಯ ತಿಂಗಳುಗಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬ್ಯಾಂಕಿನವರು ಇದನ್ನು ಹಿಡಿಯಲಿಲ್ಲ, ಹಿಡಿದವರು ಚಿಕ್ಕಪ್ಪ. "ಎತ್ತು ತಂದಿರಿ, ಹೂಡುವವನೆಲ್ಲಿ?" ಎಂದು ಅವರು ಅಂಚಿನಲ್ಲಿ ಬರೆದ ಹಾಳೆ ಇಂದಿಗೂ ನನ್ನ ಕಡತದಲ್ಲಿದೆ. ವರದಿಯನ್ನು ತಿದ್ದಿದೆ, ವರ್ಷದ ಖರ್ಚು ಏರಿತು, ಕೇಳಬೇಕಾದ ಬಾಡಿಗೆ ಏರಿತು. ಬಂದರಿನೊಂದಿಗೆ ಚೌಕಾಸಿ ಅದರಿಂದ ಮೂರು ತಿಂಗಳು ಎಳೆಯಿತು.

ದುರಸ್ತಿಯ ದಿನ ಬದಲಿಸಿದ್ದು ಮಾತ್ರ ಕೂಡಲೇ ಜಾರಿಗೆ ಬಂತು. ಮುಂದಿನ ಆರು ತಿಂಗಳ ಲಾಗ್‌ನಲ್ಲಿ ಅಮಾವಾಸ್ಯೆಯ ಆಸುಪಾಸು ಮನೆತನದ ಟಗ್ ಇಲ್ಲವೆಂದು ಕಾದ ಹಡಗು ಮೂರು. ಅದರಲ್ಲೂ ಒಂದು ನಿಜವಾದ ಕೆಡುಕು, ಹಗ್ಗ ಪಂಖಕ್ಕೆ ಸುತ್ತಿಕೊಂಡದ್ದು. ಪೈಲಟ್ ಇಲ್ಲದ್ದನ್ನು ಬೇರೆಯಾಗಿ ಬರೆಯಲು ಬಂದರಿನವರು ಲಾಗ್‌ನಲ್ಲಿ ಒಂದು ಕಾಲಂ ಸೇರಿಸಿದರು. ಪೈಲಟ್ ಮಾತ್ರ ಇನ್ನೂ ಅಷ್ಟೇ ಜನ. ಒಂದು ಹೊಸ ಟಗ್‌ಗೆ ಮುಂಗಡ ಕೊಟ್ಟಾಗಿದೆ. ಎರಡನೆಯದು ಡೀಸೆಲ್ಲೋ ಬ್ಯಾಟರಿಯೋ ಎಂದು ತಂದೆ ಮಗ ಈಗಿನಿಂದಲೇ ಜಗಳವಾಡುತ್ತಿದ್ದಾರೆ.

ಹೋದ ತಿಂಗಳು ಸಾಹುಕಾರರು ಫೋನ್ ಮಾಡಿದ್ದರು. ಹೊಸ ಟಗ್‌ನ ನಕ್ಷೆ ನೋಡಿ ಅವರಿಗೊಂದು ಸಂಶಯ ಬಂದಿತ್ತು. ಹಿರಿಯ ಟಗ್‌ನಲ್ಲಿ ಅಮಾವಾಸ್ಯೆಯ ನಿಂಬೆಹಣ್ಣನ್ನು ಲಾರಿ ಟೈರಿಗೂ ಧಕ್ಕೆಯ ಕಲ್ಲಿಗೂ ನಡುವೆ ಇಡುತ್ತಾರೆ. ತಾಂಡೇಲರು ಟಗ್ ಅನ್ನು ಒಂದು ಗೇಣು ನೂಕಿದರೆ ಹಣ್ಣು ಒಡೆಯುತ್ತದೆ, ಹಗ್ಗ ಬಿಚ್ಚುತ್ತಾರೆ. ಹೊಸ ಟಗ್‌ಗೆ ಟೈರುಗಳಿಲ್ಲ, ಮೂತಿಯಿಂದ ಬದಿಯವರೆಗೆ ಒಂದೇ ದಪ್ಪನೆಯ ರಬ್ಬರ್ ಪಟ್ಟಿ. "ನಾಲ್ಕು ಟೈರ್ ನಾವೇ ಕಟ್ಟಿಕೊಂಡರೆ ಯಾರ್ಡಿನವರು ಬೇಡವೆನ್ನುತ್ತಾರೇನು ಸರ್? ಆ ಹಳೆಯ ಲಾರಿಯವು ಇನ್ನೂ ಶೆಡ್ಡಿನಲ್ಲಿವೆ" ಎಂದು ಕೇಳಿದರು. ಯಾರ್ಡಿಗೆ ಬರೆದಿದ್ದೇನೆ. ಉತ್ತರ ಬಂದಿಲ್ಲ.